ಎರಡು ಪೆಟ್ಟಿಗೆ ಪಿಟೀಲು

ಅಂಗಡಿಯಲ್ಲಿ ಹತ್ತಿ ಇಟ್ಟರೆ ಗಿರಾಕಿ ಬರುತ್ತಾನೆ, ಗ್ರಾಮಫೋನು ಇಟ್ಟರೆ ಇಂಥ ಪ್ರಸಂಗಗಳು ಬರುತ್ತವೆ. ನಿಜಾಮರ ಕಾಲದಲ್ಲಿ ಕೊಪ್ಪಳದ ನನ್ನ ಅಂಗಡಿಗೆ ಎರಡೂ ಬಂದವು.

೧. ಬಾರದ ಹಾಡುಗಾರ

ವರ್ಗವಾಗಿ ಹೊರಟ ರೈಲ್ವೆ ಸಾಹೇಬರೊಬ್ಬರ ಸಾಮಾನು ಕೊಳ್ಳುವಾಗ ಗ್ರಾಮಫೋನೂ ಒಂದು ಪೆಟ್ಟಿಗೆ ಪ್ಲೇಟೂ ನನ್ನ ಪಾಲಿಗೆ ಬಂದವು. ನಾಲ್ಕು ಪ್ಲೇಟು, ಎಂಟು ಮಗ್ಗುಲು. ಎಂಟೂ ಸೇರಿ ಒಂದೇ ಕೃತಿ. ಯುರೋಪಿನ ನಾಲ್ಕು ಮಂದಿ ಕೂತು ಬಾರಿಸಿದ್ದು: ಎರಡು ಪಿಟೀಲು, ಅವಕ್ಕೆ ಅಣ್ಣನಂಥದೊಂದು, ಮೊಳಕಾಲ ನಡುವೆ ನಿಲ್ಲಿಸುವ ಅಜ್ಜನಂಥದೊಂದು. ಮೊದಮೊದಲು ನಾಲ್ವರು ದಾಯಾದಿಗಳು ಹೊಲದ ಬದುವಿಗಾಗಿ ಜಗಳಾಡಿದಂತೆ ಕೇಳಿಸಿತು. ಹತ್ತು ಸಲ ಕೇಳಿದ ಮೇಲೆ ಯಾರು ಯಾರಿಗೆ ಉತ್ತರ ಕೊಡುತ್ತಾರೆಂದು ತಿಳಿಯಿತು. ಆಮೇಲೆ ಬಿಡಲಾಗಲಿಲ್ಲ.

ಪಕ್ಕದ ಕಿರಾಣಿ ಅಂಗಡಿಯ ಶೆಟ್ಟರು ಒಂದು ಮಧ್ಯಾಹ್ನ ಬಂದು ಎಂಟೂ ಮಗ್ಗುಲು ಅಲುಗಾಡದೆ ಕೇಳಿದರು. ನನಗೆ ಹೆಮ್ಮೆಯಾಯಿತು.

"ಹೆಂಗಿತ್ರಿ ಶೆಟ್ರ?"

"ಶ್ರುತಿ ಭಾಳ ಛಲೋ ಹಚ್ಯಾರ್ರಿ. ಹಾಡಾಂವ ಎಷ್ಟೊತ್ತಿಗೆ ಬರ್ತಾನ?"

೨. ಗಾಂಭೀರ್ಯ

ಕುಷ್ಟಗಿಯ ವಕೀಲರೊಬ್ಬರ ಹತ್ತಿರವೂ ಅದೇ ಕೃತಿ ಇತ್ತು, ಬೇರೆ ನಾಲ್ವರು ಬಾರಿಸಿದ್ದು. ತಮ್ಮದೇ ಮೇಲೆಂದು ತೋರಿಸಲು ಪ್ಲೇಟುಗಳನ್ನು ಹುಲ್ಲಿನಲ್ಲಿ ಹುದುಗಿಸಿ ಬಂಡಿಯಲ್ಲಿ ತಂದರು. ಹತ್ತಿಯ ಎರಡು ನಮೂನೆ ನೋಡಿದಂತೆ ಮೊದಲು ನನ್ನದು, ಬಳಿಕ ಅವರದು ಕೇಳಿದೆವು.

"ಸಾವ್ಕಾರ್ರ, ನಿಮ್ಮವ್ರು ಸಂತಿಗೆ ಹೊಂಟಾಂಗ ಓಡ್ತಾರ. ನಮ್ಮವ್ರ ನಡಿಗಿ ನೋಡ್ರಿ, ಏನು ಗಾಂಭೀರ್ಯ!"

ನಿಜಕ್ಕೂ ನಿಧಾನವಾಗಿತ್ತು. ಬರಬರುತ್ತ ಇನ್ನೂ ನಿಧಾನವಾಗಿ ಪಿಟೀಲುಗಳು ಗಂಡಸಿನ ದನಿಯಲ್ಲಿ ನರಳತೊಡಗಿದವು. ವಕೀಲರು ಕಣ್ಣು ಮುಚ್ಚಿ ತಲೆದೂಗುತ್ತಲೇ ಇದ್ದರು. ನಾನು ಎದ್ದು ಗ್ರಾಮಫೋನಿಗೆ ಪೂರ್ತಿ ಕೀಲಿ ಕೊಟ್ಟೆ. ಅವರ ನಾಲ್ವರೂ ಒಮ್ಮೆಗೇ ಎದ್ದು ಓಡಿದರು.

ವಕೀಲರು ಕಣ್ಣು ತೆರೆದು, "ಸಾಕ್ಷಿದಾರನ್ನ ಹಿಂಗ ತಿವೀಬಾರದ್ರಿ" ಎಂದರು.

೩. ದಲಾಲನ ತೀರ್ಪು

ಮಾತಿಗೆ ಮಾತು ಬೆಳೆದು ಪಂಥವಾಯಿತು: ಯಾರದು ಛಲೋ ಎಂದು ತೀರ್ಮಾನವಾಗುತ್ತದೋ ಅವರಿಗೆ ಪ್ಲೇಟಿನ ಎರಡೂ ಪೆಟ್ಟಿಗೆ. ದಿನಕ್ಕೊಮ್ಮೆ ಆ ಪ್ಲೇಟು ಕೇಳದಿದ್ದರೆ ನನಗೆ ಊಟ ಸೇರುತ್ತಿರಲಿಲ್ಲ. ಆದರೂ ಗೆಲ್ಲುವ ಭರವಸೆಯಿಂದ ಒಪ್ಪಿದೆ. ಮಧ್ಯಸ್ಥನಾಗಿ ಹತ್ತಿ ಪೇಟೆಯ ದಲಾಲನನ್ನು ಕರೆದೆವು. ಕಣ್ಣು ಮುಚ್ಚಿ ಅರಳೆ ಮುಟ್ಟಿದರೂ ಯಾವ ಊರಿನದೆಂದು ಹೇಳುವವನು.

ಎರಡನ್ನೂ ಕೇಳಿ, ಪೇಟೆಯಲ್ಲಿ ದರ ಹೇಳುವ ಹಾಗೆ ಹೆಗಲ ಮೇಲಿನ ವಲ್ಲಿಯ ಕೆಳಗೆ ಗುಟ್ಟಾಗಿ ಬೆರಳು ಹಿಡಿದೇ ತೀರ್ಪು ಹೇಳುತ್ತೇನೆಂದ. ಒಂದು ಬೆರಳು ಹಿಡಿದರೆ ನಾನು ಗೆದ್ದೆ, ಎರಡಾದರೆ ವಕೀಲರು.

ನನಗೆ ಒಂದು ಬೆರಳು ಹಿಡಿದ. ಬಳಿಕ ವಕೀಲರ ಕೈ ಹಿಡಿದ. ನಾನು ಅವರ ಪೆಟ್ಟಿಗೆಗೆ ಕೈ ಹಾಕಿದೆ. ಅವರು ನನ್ನದಕ್ಕೆ ಹಾಕಿದರು.

"ಏನಪಾ ಇದು?" ಎಂದೆ.

"ಇಬ್ರೂ ಹಳೇ ಗಿರಾಕಿ. ಯಾರ ಮಾರಿ ಸಣ್ಣದು ಮಾಡ್ಲಿ, ನೀವ ಹೇಳ್ರಿ!"

ಎರಡೂ ಕಡೆಯ ದಲಾಲಿ ಎಂದು ಪೆಟ್ಟಿಗೆಗೊಂದರಂತೆ ಪ್ಲೇಟು ಎತ್ತಿಕೊಂಡೂ ಹೋದ. ಪೇಟೆಯ ಪದ್ಧತಿ, ಬೇಡವೆನ್ನಲು ಬರಲಿಲ್ಲ.

ವಾರದ ಮೇಲೆ ಅವನ್ನು ಬಿಡಿಸಿಕೊಳ್ಳಲು ಇಬ್ಬರೂ ಅವನ ಮನೆಗೆ ಹೋದೆವು. ಎರಡು ಮೊಸರಿನ ಗಡಿಗೆ, ಅವುಗಳ ಮೇಲೆ ನಮ್ಮ ಎರಡು ಪ್ಲೇಟು.

"ಈಗ ಖರೇನ ಹೇಳ್ತೀನ್ರಿ ಸಾವ್ಕಾರ್ರ" ಎಂದ ದಲಾಲ. "ವಕೀಲರದ ಛಲೋ. ನಿಮ್ಮದು ತುಸು ಡೊಂಕೈತಿ, ಬೆಕ್ಕು ಮೂತಿ ತೂರಸ್ತೈತಿ. ಅವರದು ಗಚ್ಚಾಗಿ ಕುಂಡ್ರತೈತಿ."

ನಾನು ನಕ್ಕೆ. ವಕೀಲರು ನಗಲಿಲ್ಲ.

"ಮಧ್ಯಸ್ಥ ಬಾಯಿಬಿಟ್ಟು ಹೇಳ್ಯಾನ. ಪೆಟ್ಟಿಗಿ ಕೊಡ್ರಿ."

"ಏ, ಅಂವ ಗಡಿಗಿ ಮುಚ್ಚಾಕ ಛಲೋ ಅಂದಾನ್ರಿ!"

ಅದೇ ಸಂಜೆ ಪೆಟ್ಟಿಗೆಯನ್ನು ಅವರ ಬಂಡಿಗೆ ನಾನೇ ಏರಿಸಿದೆ. ವಕೀಲರು ಹೇಳಿದ್ದು ಇಷ್ಟೇ:

"ಪಂಥದಾಗ ಯಾರದು ಛಲೋ ಅಂತಷ್ಟ ಇತ್ತು. ಯಾತಕ್ಕ ಛಲೋ ಅಂತ ಇದ್ದಿಲ್ಲ."