ಆರು ಗಂಟೆಯೊಳಗೆ ಒಂದು ಟ್ಯೂನು

ಭಾನುವಾರ ಬೆಳಿಗ್ಗೆ ಹಿಂದಿನ ಕೋಣೆಯ ಬಾಗಿಲಿಗೆ ಅಡ್ಡ ನಿಂತು ಕನ್ನಡಕದವರಿಗೆ ಅವರ ಹೆಂಡತಿ ಹಾಕಿದ ಷರತ್ತು ಬಹಳ ಸರಳವಾಗಿತ್ತು.

"ಸಂಜೆ ಆರು ಗಂಟೆಯೊಳಗೆ ನೀವು ಮಾಡಿದ ಒಂದು ಟ್ಯೂನು ನನ್ನ ಕಿವಿಗೆ ಬೀಳ್ಬೇಕು. ಬಿದ್ರೆ ರೂಮು ನಿಮ್ದು. ಇಲ್ಲಾಂದ್ರೆ ನನ್ನ ಹೊಲಿಗೆ ಮಿಷನ್ನು ಒಳಗೆ ಬರುತ್ತೆ."

ಅವಳದೇನೂ ತಪ್ಪಿರಲಿಲ್ಲ. ಎಲೆಕ್ಟ್ರಾನಿಕ್ ಸಂಗೀತದ ಸ್ಟುಡಿಯೋ ಮಾಡುತ್ತೇನೆಂದು ಕನ್ನಡಕದವರು ಆ ಕೋಣೆ ಹಿಡಿದು ಹದಿನಾಲ್ಕು ತಿಂಗಳಾಗಿತ್ತು. ಸದ್ದು ಹೊರಗೆ ಹೋಗಬಾರದೆಂದು ಗೋಡೆಗೆಲ್ಲ ಮೊಟ್ಟೆಯ ಟ್ರೇ ಅಂಟಿಸಿದ್ದರು. ಹೊರಗೆ ಹೋಗಲು ಒಳಗೆ ಸದ್ದೇ ಇರಲಿಲ್ಲ. ಒಂದು ಮೇಜು, ಒಂದು ತಿರುಗುವ ಕುರ್ಚಿ, ಬಣ್ಣ ಬದಲಾಯಿಸುವ ಒಂದು ದೀಪ, ಇಷ್ಟೇ ಬಂದಿದ್ದವು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವವರನ್ನು ಲೋಕ ಕಂಡಿದೆ; ಇವರು ಕುಲಾವಿಗೆ ಯಾವ ದಾರ ಒಳ್ಳೆಯದೆಂದು ವಿಚಾರಿಸುತ್ತಲೇ ವರ್ಷ ಕಳೆದಿದ್ದರು. ಅತ್ತ ಹೊಲಿಗೆ ಯಂತ್ರ ಮಂಚಕ್ಕೂ ಬೀರುವಿಗೂ ನಡುವೆ ಸಿಕ್ಕಿಕೊಂಡಿತ್ತು. ಹೆಂಡತಿ ಮಂಚದ ಅಂಚಿನಲ್ಲಿ ಓರೆಯಾಗಿ ಕೂತು ಪೆಡಲು ತುಳಿದು ಸೊಂಟ ಹಿಡಿಸಿಕೊಂಡಿದ್ದಳು.

ಕನ್ನಡಕದವರು ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುವವರು. ಗಿರಾಕಿಯ ಕಣ್ಣಿನ ಮುಂದೆ ಗಾಜು ಬದಲಾಯಿಸುತ್ತ "ಇದು ಚೆನ್ನಾಗಿ ಕಾಣುತ್ತಾ, ಇದಾ?" ಎಂದು ದಿನವಿಡೀ ಕೇಳುವುದೇ ಕೆಲಸ. ಗಿರಾಕಿಗಳು ಎರಡು ನಿಮಿಷದಲ್ಲಿ ಆರಿಸಿ ಎದ್ದು ಹೋಗುತ್ತಿದ್ದರು. ತಮ್ಮ ಸರದಿ ಬಂದಾಗ ಮಾತ್ರ ಇವರಿಗೆ ಎರಡೂ ಒಂದೇ ರೀತಿ ಕಾಣುತ್ತಿದ್ದವು, ಅಥವಾ ಮೂರನೆಯದೊಂದು ಇನ್ನೂ ಚೆನ್ನಾಗಿ ಕಾಣುತ್ತಿತ್ತು. ಯಾವ ಕೀಬೋರ್ಡು, ಯಾವ ಸ್ಪೀಕರು, ಯಾವ ಸಾಫ್ಟ್‌ವೇರು ಎಂದು ಗುಣದೋಷ ಬರೆದಿಟ್ಟ ನೋಟ್‌ಬುಕ್ಕುಗಳೇ ಐದಾಗಿದ್ದವು.

ಇಷ್ಟಾದರೂ ಅವರ ಆಸೆ ಸುಳ್ಳಲ್ಲ. ಬಹಳ ವರ್ಷಗಳಿಂದ ಒಂದು ಟ್ಯೂನು ಅವರ ತಲೆಯೊಳಗೆ ಸುತ್ತುತ್ತಿತ್ತು. ಬಸ್ಸಿನಲ್ಲಿ, ಸ್ನಾನದಲ್ಲಿ, ಗಿರಾಕಿ ಅಕ್ಷರ ಓದುವಾಗ ತಾನೇ ತಾನಾಗಿ ಬರುತ್ತಿತ್ತು. ಅದನ್ನು ಇನ್ನೊಬ್ಬರಿಗೆ ಕೇಳಿಸದೆಯೇ ಒಂದು ದಿನ ಸತ್ತುಹೋದರೆ ಎಂಬ ಭಯ ಅವರಿಗೆ ನಿಜಕ್ಕೂ ಇತ್ತು. ಆ ಕೋಣೆ ಹೋದರೆ ಟ್ಯೂನೂ ಹೋದಂತೆಯೇ ಎಂದು ಅವರು ನಂಬಿದ್ದರು.

ಗಾಬರಿಯಲ್ಲಿ ಅವರು ಒಂದು ದೊಡ್ಡ ತಪ್ಪು ಮಾಡಿದರು. ಬಲ್ಲವರಿಬ್ಬರಿಗೆ ಫೋನು ಹಚ್ಚಿ, ನಿಮ್ಮ ನಿಮ್ಮ ಸಾಮಾನು ತನ್ನಿ, ಕೇಳಿ ನೋಡಿ ಇವತ್ತೇ ಆರಿಸಿಬಿಡುತ್ತೇನೆ ಎಂದು ಕರೆದರು. ಒಬ್ಬರನ್ನು ಕರೆದಿದ್ದರೆ ಅರ್ಧ ದಿನ ಹಾಳಾಗುತ್ತಿತ್ತು. ಇಬ್ಬರನ್ನು ಒಟ್ಟಿಗೇ ಕರೆದರು.

ಮೊದಲು ಬಂದವನು ಹೆಂಡತಿಯ ತಮ್ಮ. ಹೆಗಲಲ್ಲಿ ಒಂದು ಲ್ಯಾಪ್‌ಟಾಪು, ಅದರೊಳಗೆ ಲೋಕದ ಸಂಗೀತದ ಸಾಫ್ಟ್‌ವೇರುಗಳೆಲ್ಲ. ಅವನ ಪ್ರಕಾರ ವಾದ್ಯ ಅನ್ನುವುದೇ ಹಳೇ ಕಾಲದ ಮಾತು. ನೂರು ಪಿಟೀಲು, ಇನ್ನೂರು ಡ್ರಮ್ಮು ಆ ಪೆಟ್ಟಿಗೆಯಲ್ಲೇ ಇದ್ದವು. ಅವನು ಇಷ್ಟು ವರ್ಷದಲ್ಲಿ ಒಂದು ಹಾಡನ್ನೂ ಮಾಡಿರಲಿಲ್ಲ. ಏಕೆಂದರೆ ಪ್ರತಿ ಸಲವೂ ಮುಂದಿನ ಆವೃತ್ತಿ ಬರುವುದರಲ್ಲಿತ್ತು.

ಅವನ ಹಿಂದೆಯೇ ಎದುರುಮನೆಯ ಮೈಕ್‌ಸೆಟ್ ಯಜಮಾನರು ಬಂದರು. ಸಭೆ ಸಮಾರಂಭಗಳಿಗೆ ಮೈಕು, ಸ್ಪೀಕರು ಬಾಡಿಗೆಗೆ ಕೊಡುವವರು. ತಳ್ಳುಗಾಡಿಯಲ್ಲಿ ಸಿಂಥಸೈಜರು ಎಂಬ ಒಂದು ಹಳೆಯ ಕೀಬೋರ್ಡು, ಅದರ ಮೈತುಂಬ ಗುಂಡಿಗಳು, ಜೊತೆಗೆ ಇಬ್ಬರು ಎತ್ತಬೇಕಾದ ಆಂಪ್ಲಿಫೈಯರು. ಬೆರಳಿಗೆ ಗುಂಡಿ ಸಿಗದಿದ್ದರೆ ಅದು ಸಂಗೀತವೇ ಅಲ್ಲ ಎನ್ನುವುದು ಅವರ ಸಿದ್ಧಾಂತ.

ಹತ್ತರಿಂದ ಒಂದರವರೆಗೆ ಆ ಕೋಣೆಯಲ್ಲಿ ಎರಡು ಪಕ್ಷಗಳ ಅಧಿವೇಶನ ನಡೆಯಿತು. ಯಜಮಾನರು ಒಂದು ಸ್ವರ ಒತ್ತಿದರೆ, ಬಾಮೈದ ಅದೇ ಸ್ವರವನ್ನು ಲ್ಯಾಪ್‌ಟಾಪಿನಲ್ಲಿ ಒತ್ತಿ "ಭಾವ, ಯಾವುದು ಚೆನ್ನಾಗಿದೆ ಹೇಳಿ" ಅನ್ನುತ್ತಿದ್ದ. ಕನ್ನಡಕದವರು ಕಣ್ಣು ಮುಚ್ಚಿ ಕೇಳಿ, ಇನ್ನೊಂದು ಸಲ ಅನ್ನುತ್ತಿದ್ದರು. ಒಂದೇ ಒಂದು ಸ್ವರವನ್ನು ಮೂರು ಗಂಟೆ ಕೇಳಿದ ಮೇಲೆ ಅದು ಸ್ವರವೋ ಹಲ್ಲುನೋವೋ ತಿಳಿಯದಾಯಿತು.

ಊಟದ ಹೊತ್ತಿಗೆ ರಾಜಿಯಾಯಿತು. ಸಿಂಥಸೈಜರು ಬಾರಿಸುವುದು, ಲ್ಯಾಪ್‌ಟಾಪು ಬರೆದುಕೊಳ್ಳುವುದು. ಅವೆರಡರ ನಡುವೆ ಸದ್ದು ದಾಟಿಸುವ ಡಬ್ಬಿಯೊಂದು ಬೇಕಿತ್ತು. ಡಬ್ಬಿ ಬಾಮೈದನ ಬಳಿ ಇತ್ತು, ಅದಕ್ಕೆ ತಕ್ಕ ವೈರು ಇರಲಿಲ್ಲ. ವೈರು ಹುಡುಕಿ ತರುವಷ್ಟರಲ್ಲಿ ಮೂರೂವರೆಯಾಯಿತು. ಸಿಕ್ಕಿಸಿದರೆ, ಕೀ ಒತ್ತಿ ಒಂದು ಗುಟುಕು ನೀರು ಕುಡಿದ ಮೇಲೆ ಸದ್ದು ಬರುತ್ತಿತ್ತು. ಅದು ಸಾಫ್ಟ್‌ವೇರಿನ ಸೋಮಾರಿತನ ಎಂದು ಯಜಮಾನರು. ಮುದಿ ಯಂತ್ರದ ಏದುಸಿರು ಎಂದು ಬಾಮೈದ. ಕುಣಿಯಲಾರದವರು ಇಬ್ಬರು ಸೇರಿದರೆ ನೆಲ ಎರಡು ಕಡೆ ಡೊಂಕು.

ಇದನ್ನು ಸರಿಪಡಿಸುತ್ತೇನೆಂದು ಬಾಮೈದ ಅಪ್‌ಡೇಟ್ ಒತ್ತಿದ. ಲ್ಯಾಪ್‌ಟಾಪು ಇನ್ನೆರಡು ಗಂಟೆ ತನ್ನನ್ನು ಮುಟ್ಟಬೇಡಿ ಎಂದು ತಿಳಿಸಿ, ಒಂದು ಚಕ್ರ ತಿರುಗಿಸುತ್ತ ಕೂತಿತು. ಯಜಮಾನರಿಗೆ ಇದಕ್ಕಿಂತ ಒಳ್ಳೆಯ ಸಮಯ ಬೇಕಿರಲಿಲ್ಲ. "ಬಿಡಿ ಸಾರ್ ಅದನ್ನ. ನಮ್ಮದು ಹೇಗೆ ಕೇಳುತ್ತೆ ನೋಡಿ" ಎಂದು ಆಂಪ್ಲಿಫೈಯರಿನ ಸ್ವಿಚ್ಚು ಹಾಕಿದರು. ಢಂ ಎಂದಿತು. ಮನೆಯ ಫ್ಯಾನುಗಳೆಲ್ಲ ನಿಂತವು. ಬ್ಯಾಟರಿ ಸತ್ತು ವರ್ಷವಾಗಿದ್ದ ಲ್ಯಾಪ್‌ಟಾಪೂ ಕಣ್ಣು ಮುಚ್ಚಿತು.

ಸುಟ್ಟ ಫ್ಯೂಸು ಯಾರ ಪಾಪ ಎಂಬ ಚರ್ಚೆ ಶುರುವಾದಾಗ ಗಂಟೆ ಐದು ದಾಟಿತ್ತು. ಕನ್ನಡಕದವರು ತಮ್ಮದೇ ಕೋಣೆಯಲ್ಲಿ ನಿಲ್ಲಲು ಜಾಗವಿಲ್ಲದೆ ಹೊರಗೆ ಬಂದರು. ಸೋತೆ ಅನ್ನಿಸಿ ಅಡುಗೆಮನೆಗೆ ಬಂದು ನಿಂತರು. ಹೆಂಡತಿ ಬಟ್ಟೆ ತರಲು ತಾರಸಿಗೆ ಹೊರಟವಳು, ಸುಮ್ಮನೆ ನಿಲ್ಲುವ ಬದಲು ಒಲೆ ಮೇಲಿನ ಹಾಲು ಉಕ್ಕದಂತೆ ನೋಡಿಕೊಳ್ಳಿ ಎಂದು ಹೇಳಿ ಹೋದಳು.

ಹಾಲು ನೋಡುತ್ತ ನಿಂತವರು ಬೇಸರಕ್ಕೆ ಚಮಚದಿಂದ ಲೋಟ ತಟ್ಟಿದರು. ನಲ್ಲಿ ತೊಟ್ಟಿಕ್ಕುತ್ತಿತ್ತು. ಅದರ ಲೆಕ್ಕಕ್ಕೆ ಇದು ಸರಿಯಾಗಿ ಕೂತಿತು. ಡಬ್ಬದ ಮುಚ್ಚಳ ಬಡಿದರು, ಅದೂ ಕೂತಿತು. ಜೇಬಿನಿಂದ ಫೋನು ತೆಗೆದು ಮೂರರ ಸದ್ದನ್ನೂ ಅದರಲ್ಲಿ ಹಿಡಿದಿಟ್ಟರು. ಫೋನು ಕೊಂಡಾಗಲೇ ಅದರಲ್ಲಿದ್ದ ಸಂಗೀತದ ಆ್ಯಪು ಒಂದಿತ್ತು. ಮಕ್ಕಳಾಟಿಕೆಯೆಂದು ಯಾವ ನೋಟ್‌ಬುಕ್ಕಿನಲ್ಲೂ ಅದಕ್ಕೆ ಜಾಗ ಕೊಟ್ಟಿರಲಿಲ್ಲ. ಬೇರೆ ಆಯ್ಕೆಯಿಲ್ಲದೆ ಅದನ್ನೇ ತೆರೆದು, ಆ ತಾಳದ ಮೇಲೆ ಹೆಬ್ಬೆರಳಿನಿಂದ ಒಂದೊಂದೇ ಸ್ವರ ಒತ್ತುತ್ತ ಹೋದರು. ಅಷ್ಟು ವರ್ಷ ತಲೆಯಲ್ಲಿದ್ದದ್ದು ಒಂದೂ ತಪ್ಪದೆ ಇಳಿದು ಬಂತು. ಹಾಲು ಉಕ್ಕಿ ಒಲೆ ಆರಿತು. ಅವರಿಗೆ ಅದರ ಪರಿವೆಯಿರಲಿಲ್ಲ; ಗ್ಯಾಸಿನ ವಾಸನೆ ಮೂಗಿಗೆ ಬಡಿದಾಗ ಒಲೆಯ ಗುಂಡಿ ತಿರುಗಿಸಿ, ಕಿಟಕಿ ತೆರೆದು, ಮತ್ತೆ ಕೇಳಿದರು. ಇಷ್ಟು ಸಂತೋಷ ಅವರಿಗೆ ಮದುವೆಯ ದಿನವೂ ಆಗಿರಲಿಲ್ಲ, ಇದನ್ನು ಅವರು ಹೆಂಡತಿಗೆ ಹೇಳಲಿಲ್ಲ.

ತಾರಸಿಯಿಂದ ಇಳಿದ ಹೆಂಡತಿಗೆ ಕೇಳಿಸಿದಾಗ ಆರಕ್ಕೆ ಐದು ನಿಮಿಷ ಇತ್ತು. ಬಟ್ಟೆಯ ರಾಶಿ ಹಿಡಿದುಕೊಂಡೇ ನಿಂತು ಕೇಳಿದಳು. ಇನ್ನೊಂದು ಸಲ ಹಾಕಿಸಿದಳು. ಜಗಳ ಬಿಟ್ಟು ಬಂದ ಇಬ್ಬರೂ ಬಾಗಿಲಲ್ಲಿ ಕತ್ತು ಚಾಚಿ ಕೇಳುತ್ತಿದ್ದರು.

"ಚೆನ್ನಾಗಿದೆ ರೀ. ನಿಜವಾಗ್ಲೂ ಚೆನ್ನಾಗಿದೆ" ಅಂದಳು. ಅವಳ ಕಣ್ಣು ತೇವವಾಗಿತ್ತು.

"ಹಾಗಾದ್ರೆ ರೂಮು ನನ್ದೇ ತಾನೆ?"

"ಇದನ್ನ ಎಲ್ಲಿ ಮಾಡಿದ್ರಿ?"

"ಇಲ್ಲೇ. ಹಾಲು ಕಾಯೋಷ್ಟರಲ್ಲಿ" ಎಂದರು ಕನ್ನಡಕದವರು, ಹೆಮ್ಮೆಯಿಂದ. ಹೇಳಬಾರದಿತ್ತು.

ಹೆಂಡತಿ ಬಟ್ಟೆಯನ್ನು ಕೆಳಗಿಟ್ಟಳು. "ಹದಿನಾಲ್ಕು ತಿಂಗಳು ಆ ರೂಮಲ್ಲಿ ಕೂತ್ರಿ, ಒಂದು ಸ್ವರ ಹುಟ್ಟಲಿಲ್ಲ. ಇಲ್ಲಿ ಅರ್ಧ ಗಂಟೆ ನಿಂತ್ರಿ, ಇಂಥ ಟ್ಯೂನು ಬಂತು. ನಿಮ್ಮ ಸಂಗೀತ ಆ ರೂಮಲ್ಲಿ ಹಾಳಾಗೋಕೆ ನಾನು ಬಿಡಲ್ಲ ರೀ. ಗೆದ್ದಿದೀರಿ, ರೂಮು ನಿಮ್ದೇ. ಈ ರೂಮು. ನಾಳೆಯಿಂದ ಎರಡು ಹೊತ್ತೂ ಇಲ್ಲೇ ಅಭ್ಯಾಸ ಮಾಡಿ."

ಕನ್ನಡಕದವರು ಸಹಾಯಕ್ಕಾಗಿ ಬಲ್ಲವರ ಕಡೆ ತಿರುಗಿದರು. ಅಡುಗೆಮನೆಯ ಟೈಲ್ಸಿನಿಂದ ಸದ್ದು ತುಂಬಿ ಬರುತ್ತದೆ, ಇಂಥ ಗುಂಗು ಯಾವ ಯಂತ್ರದಲ್ಲೂ ಸಿಗದು ಎಂದು ಯಜಮಾನರು ತೀರ್ಪು ಕೊಟ್ಟರು. ಅಕ್ಕ ಹೇಳಿದ್ದೇ ಸರಿ ಎಂದ ಬಾಮೈದ. ಬೆಳಗಿನಿಂದ ಒಂದು ಸ್ವರಕ್ಕೂ ಒಪ್ಪದಿದ್ದ ಇಬ್ಬರೂ ಹೊಲಿಗೆ ಯಂತ್ರವನ್ನು ಎರಡು ಕಡೆ ಹಿಡಿದು, ಒಂದೇ ಉಸಿರಿಗೆ ಹಿಂದಿನ ಕೋಣೆಗೆ ಸಾಗಿಸಿದರು.

ಹೆಂಡತಿ ತರಕಾರಿ ಬುಟ್ಟಿಯನ್ನು ತಂದು ಗಂಡನ ಮುಂದಿಟ್ಟಳು. "ಇವತ್ತಿನ ಊಟಕ್ಕೆ ಬದನೆಕಾಯಿ ಮಾಡ್ತೀರೋ, ಬೆಂಡೆಕಾಯಿ ಮಾಡ್ತೀರೋ? ನೀವೇ ಆರಿಸಿ."

ಕನ್ನಡಕದವರು ಒಂದೊಂದು ಕೈಯಲ್ಲಿ ಒಂದೊಂದು ಹಿಡಿದು ನೋಡುತ್ತ ನಿಂತರು.