ಕೊನೆಯ ಅಂಕೆ ಮಾತ್ರ ಸುಳ್ಳು

ರೈಲಿನಲ್ಲಿ ಪರಿಚಯವಾದವರು ನಂಬರ್ ಕೇಳಿದಾಗ, ಕೊನೆಯ ಅಂಕೆಯನ್ನು ಮೆಲ್ಲಗೆ ಬದಲಿಸಿ ಕೊಟ್ಟದ್ದು ನಿಮಗೂ ಉಂಟಾ? ನನಗೆ ಉಂಟು. ಹಿಂದೊಮ್ಮೆ ಪ್ರವಾಸದಲ್ಲಿ ಸಿಕ್ಕಿದವರೊಬ್ಬರು ಎರಡು ವರ್ಷ ದಿನಾ ಬೆಳಿಗ್ಗೆ ಮೊಬೈಲಿಗೆ ಗುಲಾಬಿ ಕಳಿಸಿ, ಮೂರನೆಯ ವರ್ಷ ವಿಮೆ ಮಾಡಿಸಲು ಮನೆಗೇ ಬಂದರು. ಅಂದಿನಿಂದ ಒಂಬತ್ತು ಇದ್ದಲ್ಲಿ ಆರು ಹೇಳುವುದು ಅಭ್ಯಾಸವಾಗಿದೆ. ಸಿಕ್ಕಿಬಿದ್ದರೆ ಅಂಕೆ ತಲೆಕೆಳಗಾಯಿತು ಎನ್ನಬಹುದು.

ಕಳೆದ ತಿಂಗಳು ಮುಂಬೈಯಲ್ಲಿರುವ ನಾದಿನಿಯ ಮನೆಯಿಂದ ಅತ್ತೆಯೊಂದಿಗೆ ಬರುವಾಗ, ಎದುರಿನ ಸೀಟಿನಲ್ಲಿ ಸುರತ್ಕಲ್‌ನ ಜೋಹರಾ ಇದ್ದರು. "ನಿಮ್ಮದು ಎಲ್ಲಿ ಆಯ್ತು?" ಎಂದರು. ನಮ್ಮೂರಲ್ಲಿ ಮಾತು ಶುರುವಾಗುವುದೇ ಹಾಗೆ. ಮಂಗಳೂರಿನ ಶಕ್ತಿನಗರ ಎಂದೆ. ಅಲ್ಲಿಗೇ ನಿಲ್ಲಿಸಬೇಕಿತ್ತು. ರತ್ನಾಗಿರಿ ಬರುವಷ್ಟರಲ್ಲಿ ಅತ್ತೆಯ ಶುಗರು, ನನ್ನ ಮಂಡಿನೋವು, ಬಂಟ ಶೆಟ್ಟರಾಗಿ ಹುಟ್ಟಿಯೂ ಮೀನು ತಿಂದರೆ ಮೈಯೆಲ್ಲ ತುರಿಸಿಕೊಳ್ಳುವ ನನ್ನ ಗಂಡನ ಕಥೆ, ಎಲ್ಲ ಹೇಳಿ ಮುಗಿದಿತ್ತು. ಊಟದ ನಂತರ ಅವರು ನಂಬರ್ ಕೇಳಿದರು. ಆಗ ನನಗೆ ಖಾಸಗಿತನ ನೆನಪಾಯಿತು. ಆರು ಎಂದೆ. ಅವರ ನಂಬರನ್ನಂತೂ ಕೇಳಲೇ ಇಲ್ಲ.

ಮನೆಗೆ ಬಂದು ನೋಡಿದರೆ ಅತ್ತೆಯ ಕಿವಿಯ ಮೆಷಿನ್ ಇಲ್ಲ. ಮಲಗುವಾಗ ತೆಗೆದು ಡಬ್ಬಿಗೆ ಹಾಕಿದ್ದರು, ಡಬ್ಬಿ ಮಾಯ. ಸಂಜೆ ಮುಂಬೈಯಿಂದ ಮಗಳ ಫೋನ್ ಬಂದರೆ ಅತ್ತೆ ಅದನ್ನು ಕಿವಿಗೆ ಒತ್ತಿ ಹಿಡಿದು, ಏನೂ ಕೇಳದೆ ಸುಮ್ಮನೆ ನಗುತ್ತಿದ್ದರು. ನೋಡಲಾಗುತ್ತಿರಲಿಲ್ಲ.

ಐದನೆಯ ದಿನ ಗೇಟಿನಲ್ಲಿ ಜೋಹರಾ. ಕೈಯಲ್ಲಿ ಡಬ್ಬಿ.

"ನಿಮ್ಮ ಅತ್ತೆ ಕತ್ತಲಲ್ಲಿ ನನ್ನ ಚೀಲಕ್ಕೆ ಹಾಕಿದ್ದು ಅಕ್ಕ. ಫೋನ್ ಮಾಡಿದೆ, ಯಾರೋ ಹುಬ್ಬಳ್ಳಿಯವರು ತೆಗೆದರು. ನಾಲ್ಕನೇ ಸಲ ಮಾಡಿದ್ದಕ್ಕೆ ಬೈದರು."

"ಮತ್ತೆ ಮನೆ ಹೇಗೆ ಸಿಕ್ಕಿತು?"

"ಮೀನಿನವಳ ಹತ್ರ ಕೇಳಿದೆ, ಇಲ್ಲಿ ಮೀನು ತಿನ್ನದ ಶೆಟ್ರ ಮನೆ ಯಾವುದು ಅಂತ. ಅವಳು ನಗಾಡಿಕೊಂಡು ಗೇಟಿನವರೆಗೆ ಬಂದಳು."

ಒಳಗೆ ನನ್ನ ಗಂಡ ಪೇಪರನ್ನು ಮುಖಕ್ಕೆ ಅಡ್ಡ ಹಿಡಿದರು.

"ನಂಬರು ನಾನೇ ತಪ್ಪು ಒತ್ತಿಕೊಂಡದ್ದು ಕಾಣ್ತದೆ," ಎಂದರು ಜೋಹರಾ. ನಾನೂ ಹೌದೆನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಮೆಷಿನ್ ಹಾಕಿಕೊಂಡು ಮುಗಿಸಿದ ಅತ್ತೆ, ಐದು ದಿನದ ಮೇಲೆ ಮೊದಲ ಸಲ ಮಾತು ಸರಿಯಾಗಿ ಕೇಳಿಸಿಕೊಂಡು, ನನ್ನ ಕಡೆ ತಿರುಗಿದರು. "ಅವಳದ್ದೆಂತ ತಪ್ಪು ಮಾರಾಯ್ತಿ? ನೀನೇ ಆರು ಹೇಳಿದ್ದು. ನನಗೆ ಆಗ ಕೇಳಿತ್ತು."

ಜೋಹರಾ ನನ್ನ ಮುಖವನ್ನೊಮ್ಮೆ ನೋಡಿ ಮೊಬೈಲ್ ತೆಗೆದರು. "ಇರಲಿ ಅಕ್ಕ. ಈಗ ಎಷ್ಟು ಹಾಕ್ಲಿ?"

ಒಂಬತ್ತು ಎಂದೆ. ಈಗ ಸುರತ್ಕಲ್‌ನಿಂದ ದಿನಾ ಗುಲಾಬಿ ಬರುತ್ತದೆ. ತಡವಾದರೆ, ಜೋಹರಾಗೆ ಹುಷಾರಿಲ್ಲವೋ ಏನೋ ಎಂದು ಫೋನ್ ಮಾಡುವವಳು ನಾನೇ.

ಒಂದು ಅಂಕೆಯನ್ನು ಬಚ್ಚಿಟ್ಟು ಮನೆಯ ಕಥೆಯನ್ನೆಲ್ಲ ಹಂಚಿದವಳು ನಾನು. ದಾರಿಯಲ್ಲಿ ಸಿಕ್ಕಿದವರಿಗೆ ನೀವು ಎಷ್ಟು ಹೇಳುತ್ತೀರಿ, ಎಷ್ಟು ಮುಚ್ಚಿಡುತ್ತೀರಿ, ಕೆಳಗೆ ಬರೆಯಿರಿ. ನಂಬರ್ ಮಾತ್ರ ಹಾಕಬೇಡಿ. ಆ ಹುಬ್ಬಳ್ಳಿಯವರಿಗೆ ಈಗಾಗಲೇ ಸಾಕಾಗಿದೆ.