ಎದೆಗೆ ಗಂಟುಂಟಾ ಡಾಕ್ಟ್ರೇ?

ನನ್ನ ಸೋದರತ್ತೆಯ ದೇಹದಲ್ಲಿ ಯಾವ ಕಾಯಿಲೆ ಎಲ್ಲಿಯವರೆಗೆ ಬರಬಹುದು ಎಂದು ತೀರ್ಮಾನಿಸುವುದು ಡಾಕ್ಟರಲ್ಲ, ಸ್ವತಃ ಅತ್ತೆ! ಹತ್ತು ವರ್ಷಗಳ ಹಿಂದೆ ಅವರಿಗೆ ಸಂಧಿವಾತ ಶುರುವಾಯಿತು. ವಯಸ್ಸಾದವರಿಗೆಲ್ಲ ಬರುವ ಮಂಡಿನೋವಲ್ಲ, ಮೈಯೇ ತನ್ನ ಗಂಟುಗಳ ಮೇಲೆ ತಿರುಗಿಬೀಳುವ ರುಮಟಾಯ್ಡ್ ಎಂಬ ಜಾತಿಯದ್ದು. ಬೆಳಿಗ್ಗೆ ಎದ್ದರೆ ಬೆರಳು ಮಡಚಲು ಒಂದು ಗಂಟೆ ಬೇಕು. ಆದರೂ ತೋಡಾರಿನ ಮನೆಯ ಜಗಲಿಯಲ್ಲಿ ಕೂತು ಬೀಡಿ ಕಟ್ಟುವುದು ನಿಂತಿಲ್ಲ. ನಿಲ್ಲಿಸಿ ಎಂದವರಿಗೆ ಆ ಮನೆಯಲ್ಲಿ ಚಹಾ ಸಿಗುವುದಿಲ್ಲ.

ನಾನು ಅತ್ತೆಯನ್ನು ಕರೆದೊಯ್ಯುವ ಮೂಡುಬಿದಿರೆಯ ಡಾಕ್ಟರಮ್ಮ ಪಾಪ, ತಾಳ್ಮೆಯವರು. "ಈ ಕಾಯಿಲೆಯವರಿಗೆ ಶುಗರ್ ಬರುವ ಸಂಭವ ಜಾಸ್ತಿ. ಹೃದಯಕ್ಕೂ ಅಪಾಯ ಉಂಟು. ಒಂದು ಇಸಿಜಿ ತೆಗೆಯುವ" ಎಂದರು.

"ನನ್ನದು ಗಂಟಿನ ಕಾಯಿಲೆ. ಎದೆಗೆ ಗಂಟುಂಟಾ ಡಾಕ್ಟ್ರೇ?"

"ಗಂಟಿನಲ್ಲಿ ಉರಿ ಎಬ್ಬಿಸುವಂಥದ್ದೇ ರಕ್ತನಾಳವನ್ನೂ ಹಾಳುಮಾಡ್ತದೆ ಅಮ್ಮ. ಬೀಡಿ ಸೇದ್ತೀರಾ?"

"ಕಟ್ಟುವುದು ಮಾತ್ರ. ಸೇದುವುದು ಗಂಡಸರು. ಅವರದ್ದು ತೆಗೀರಿ ಇಸಿಜಿ."

ಇಸಿಜಿಯ ಮಾತು ಅಲ್ಲಿಗೇ ಮುಗಿಯಿತು. ಶುಗರ್ ಪರೀಕ್ಷೆಗೆ ಮಾತ್ರ ಒಪ್ಪಿದರು. ಯಾಕೆ ಗೊತ್ತೇ? ಅದರಲ್ಲಿ ಪಾಸಾಗುವ ದಾರಿ ಅವರಿಗೆ ತಿಳಿದಿತ್ತು.

ಬೀಡಿ ಕಟ್ಟುವವರಲ್ಲಿ ಒಂದು ವಿದ್ಯೆ ಇದೆ. ಸೊಟ್ಟ ಬೀಡಿಗಳನ್ನು ಕಟ್ಟಿನ ನಡುವೆ ತುರುಕಿ, ಸುತ್ತಲೂ ಚಂದದವನ್ನು ನಿಲ್ಲಿಸಿ ಬೀಡಿ ಕಂಪೆನಿಯ ಬ್ರಾಂಚಿಗೆ ಒಪ್ಪಿಸುವುದು. ಅಲ್ಲಿ ನೋಡುವವರು ಹೊರಗಿನಿಂದ ನೋಡಿ ಪಾಸು ಮಾಡಬೇಕು. ಅತ್ತೆ ತಮ್ಮ ರಕ್ತವನ್ನೂ ಹೀಗೆಯೇ ಕಟ್ಟಿದರು! ಪರೀಕ್ಷೆಗೆ ಮೊದಲು ಮೂರು ದಿನ ಹಾಗಲಕಾಯಿ ಪಲ್ಯ, ಮೆಂತೆ ನೀರು, ಅರ್ಧ ಚಪಾತಿ. ಹಿಂದಿನ ವಾರ ಬೆಳ್ತಂಗಡಿಯ ಮದುವೆಯಲ್ಲಿ ತಿಂದ ನಾಲ್ಕು ಹೋಳಿಗೆ ನಡುವಿನ ಸೊಟ್ಟ ಬೀಡಿ. ರಿಪೋರ್ಟು ಚೆನ್ನಾಗಿಯೇ ಬಂತು.

ಡಾಕ್ಟರಮ್ಮನಿಗೆ ಏನೋ ಅನುಮಾನ. ಮುಂದಿನ ಸಲ ಮೂರು ತಿಂಗಳ ಸಕ್ಕರೆಯನ್ನು ಒಟ್ಟಿಗೆ ಹೇಳುವ ಪರೀಕ್ಷೆ ಮಾಡಿಸಿದರು. ಹೋಳಿಗೆಗಳೆಲ್ಲ ಹೊರಬಿದ್ದವು.

"ಕಟ್ಟು ಬಿಚ್ಚಿ ನೋಡಿದ್ದು ಸರಿಯಲ್ಲ" ಎಂದು ಅತ್ತೆ ನನ್ನ ಕಿವಿಯಲ್ಲಿ ದೂರಿದರು.

ಇನ್ನೊಂದು ಗುಟ್ಟೂ ಅಂದೇ ಹೊರಬಂತು. ಡಾಕ್ಟರಮ್ಮ ಹದಿನೈದು ದಿನಕ್ಕೆಂದು ಬರೆದಿದ್ದ ಸ್ಟೀರಾಯ್ಡ್ ಮಾತ್ರೆಯನ್ನು ಅತ್ತೆ ಹಳೆಯ ಚೀಟಿ ತೋರಿಸಿ ತರಿಸಿ ವರ್ಷವಿಡೀ ನುಂಗಿದ್ದರು. ಸಕ್ಕರೆ ಏರಿದ್ದರಲ್ಲಿ ಅದರ ಪಾಲೂ ಇತ್ತು. ಡಾಕ್ಟರಮ್ಮ ಬೈದರು. ಅತ್ತೆ ತಲೆ ತಗ್ಗಿಸಲಿಲ್ಲ.

"ಅದು ತಿಂದ್ರೆ ಬೆರಳು ಮಡಚ್ತದೆ. ಶುಗರ್ ಇದ್ರೂ ಬೀಡಿ ಕಟ್ಲಿಕ್ಕೆ ಆಗ್ತದೆ ಡಾಕ್ಟ್ರೇ. ಬೆರಳು ಇಲ್ಲದಿದ್ರೆ ಆಗ್ತದಾ?"

ಡಾಕ್ಟರಮ್ಮ ಬೈಯುವುದನ್ನು ಬಿಟ್ಟು ಹೊಸ ಚೀಟಿ ಎಳೆದುಕೊಂಡರು. ಮಾತ್ರೆಯನ್ನು ಸ್ವಲ್ಪಸ್ವಲ್ಪವೇ ಇಳಿಸಿ ಬೇರೆ ಔಷಧಿ ಬರೆದರು. ಇಸಿಜಿಗೆ ಮಾತ್ರ ಅತ್ತೆ ಜಪ್ಪಯ್ಯ ಎಂದರೂ ಒಪ್ಪಲಿಲ್ಲ. ಈಚೆಗೆ ಬಸ್ಸಿಳಿದು ಮನೆಯ ಏರು ಹತ್ತುವಾಗ ನಡುದಾರಿಯಲ್ಲಿ ನಿಂತು ಎದೆ ಒತ್ತಿಕೊಳ್ಳುತ್ತಿದ್ದರು. ಕೇಳಿದರೆ "ಗ್ಯಾಸು" ಎನ್ನುತ್ತಿದ್ದರು. ನನಗೆ ನಿಜಕ್ಕೂ ಭಯವಾಗುತ್ತಿತ್ತು.

ಕಳೆದ ತಿಂಗಳು ಬಂಟ್ವಾಳದ ನಮ್ಮ ಮನೆಯಲ್ಲಿ ಬೆಳಗಾದರೆ ನನ್ನ ಬೆರಳುಗಳೂ ಮಡಚದಾದವು. ಪರೀಕ್ಷೆ ಮಾಡಿಸಿದೆ. ಅತ್ತೆಯದ್ದೇ ಕಾಯಿಲೆ. ಅತ್ತೆಗೆ ಫೋನಿನಲ್ಲಿ ಹೇಳಿದೆ. ಮರುದಿನ ಮೊದಲ ಬಸ್ಸಿಗೆ ಬಂದು ಬಾಗಿಲಲ್ಲಿ ನಿಂತಿದ್ದರು.

"ಹೊರಡು ಮಾರಾಯ್ತಿ. ಡಾಕ್ಟರಮ್ಮನಲ್ಲಿಗೆ ಹೋಗುವ. ಶುಗರ್, ಎದೆ, ಎಲ್ಲ ನೋಡಿಸ್ಬೇಕು ನೀನು."

"ನೀವು?"

"ನಾನು ಮುದುಕಿ."

"ನೀವು ತೆಗೆಸದಿದ್ರೆ ನಾನೂ ತೆಗೆಸುವುದಿಲ್ಲ." ನಾನೂ ಅದೇ ಮನೆತನದವಳಲ್ಲವೇ?

ಅತ್ತೆ ನನ್ನನ್ನು ದುರುಗುಟ್ಟಿ ನೋಡಿದರು. ಮತ್ತೆ ನನ್ನ ಚೀಲವನ್ನೂ ತಾವೇ ಎತ್ತಿಕೊಂಡು ಮೂಡುಬಿದಿರೆಯ ಬಸ್ಸು ಹತ್ತಿದರು. ಇಸಿಜಿ ಕೋಣೆಗೆ ಹೋದದ್ದೇ ನರ್ಸಿಗೆ, "ಮೊದಲು ನನ್ನದು ತೆಗೀರಿ. ಇವಳಿಗೆ ಹೆದರಿಕೆ ಉಂಟು, ನೋಡಿಕೊಳ್ಳಲಿ" ಎಂದು ಮಂಚ ಹತ್ತಿ ಮಲಗಿಬಿಟ್ಟರು. ಇನ್ನೂ ಒಂದು ವಯರೂ ಅಂಟಿಸಿರಲಿಲ್ಲ, "ನೋಡು, ನೋವೇನೂ ಇಲ್ಲ" ಎಂದು ನನಗೆ ಧೈರ್ಯ ಹೇಳಿದರು. ಹೇಳುತ್ತಲೇ ಕೈ ಚಾಚಿ ನನ್ನ ಕೈ ಹಿಡಿದರು. ಬೆಳಿಗ್ಗೆ ಮಡಚಲೊಲ್ಲದ ಆ ಸೊಟ್ಟ ಬೆರಳುಗಳು ನನ್ನ ಕೈಯನ್ನು ಬಿಗಿಯಾಗಿ ಅಮುಕಿದವು. ಇಷ್ಟು ವರ್ಷ ನಾನು ಹಟವೆಂದು ನಗುತ್ತಿದ್ದದ್ದು ಹೆದರಿಕೆಯಾಗಿತ್ತು. ನನಗೆ ಅಳು ತಡೆಯಲಾಗಲಿಲ್ಲ.

"ಕೈ ಬಿಡಿ ಅಮ್ಮ, ಅಲುಗಾಡಬಾರದು" ಎಂದರು ನರ್ಸ್.

ಅತ್ತೆ ಬಿಡಲಿಲ್ಲ.